ಹಾಲ್ಟ್ ಬಸ್ಸಿನಿಂದ ಮಗಳಿಗೊಂದು ಪತ್ರ

ಪುಟ್ಟಿ,

ಸರಗೂರು ಕಡೆಯ ಹಾಲ್ಟ್ ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ. ರಾತ್ರಿ ಬಸ್ಸೂ ಇಲ್ಲೇ, ನಾವೂ ಇಲ್ಲೇ. ಡ್ರೈವರ್ ಅಂಕಲ್ ಹಿಂದಿನ ಸೀಟಿನಲ್ಲಿ ಆಗಲೇ ಗೊರಕೆ ಹೊಡೆಯುತ್ತಿದ್ದಾರೆ. ಟಿಕೆಟ್ ಕಲೆಕ್ಷನ್ ಎಣಿಸಿ ಆಯ್ತು, ಇವತ್ತಿನ ಕಂಡಕ್ಟರ್ ಕೆಲಸ ಮುಗಿಯಿತು. ಫೋನಿಗೆ ಸಿಗ್ನಲ್ ಇಲ್ಲ, ಅದಕ್ಕೇ ಕಾಗದ. ಅಕ್ಷರ ನೋಡಿ ನಗಬೇಡ.

ಇವತ್ತು ಬಸ್ಸಿನ ತುಂಬಾ ಮಕ್ಕಳು. ಏಪ್ರಿಲ್, ಮೇ ಬಂತು ಅಂದ್ರೆ ಹೀಗೇ. ಮದುವೆ, ಜಾತ್ರೆ, ಅಜ್ಜಿ ಮನೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾದ ಮೇಲಂತೂ ಹೆಂಗಸರಿಗೆ ಟಿಕೆಟ್ ಕಾಸಿನ ಯೋಚನೆ ಇಲ್ಲ, ಮಕ್ಕಳನ್ನು ಕಟ್ಟಿಕೊಂಡು ಹೊರಟೇ ಬಿಡುತ್ತಾರೆ. ಕಿಟಕಿ ಪಕ್ಕ ಒಬ್ಬಳು ಹುಡುಗಿ ಕೂತಿದ್ದಳು. ನಿನ್ನದೇ ವಯಸ್ಸು, ಹದಿಮೂರೋ ಹದಿನಾಲ್ಕೋ. ಉಪ್ಪು ಖಾರ ಪೊಟ್ಟಣ ಕಟ್ಟಿ ತಂದು ಮಾವಿನಕಾಯಿಗೆ ಅದ್ದಿ ತಿನ್ನುತ್ತಿದ್ದಳು. ಎಲ್ಲಿಗಮ್ಮ ಅಂದೆ. ಅಜ್ಜಿ ಮನೆಗೆ, ಇಪ್ಪತ್ತು ದಿನ ಅಂದಳು. ಊರವರ ಮಕ್ಕಳನ್ನೆಲ್ಲ ಅಜ್ಜಿ ಮನೆಗೆ ತಲುಪಿಸ್ತೀನಿ. ನನ್ನ ಮಕ್ಕಳು ಮೈಸೂರಲ್ಲಿ, ಕೆಸರೆಯ ಮನೆಯಲ್ಲಿ ಚಿಲಕ ಹಾಕ್ಕೊಂಡು ಕೂತಿದ್ದಾರೆ.

ನಿಮ್ಮಜ್ಜಿ ಇರುವ ತನಕ ಬೇಸಿಗೆ ರಜೆ ಅನ್ನೋದು ಒಂದು ತಲೆನೋವು ಅಂತ ನಮಗೆ ಗೊತ್ತೇ ಇರಲಿಲ್ಲ. ಮೊನ್ನೆ ಕ್ಯಾಲೆಂಡರ್ ಹಿಡಿದು ಎಣಿಸಿದೆ. ಏಪ್ರಿಲ್ 11ರಿಂದ ಮೇ 28, ಒಟ್ಟು 48 ದಿನ. ನನಗೆ ವಾರದ ರಜೆ ಮಂಗಳವಾರ. ನಿಮ್ಮಮ್ಮನ ಗಾರ್ಮೆಂಟ್ಸಿಗೆ ಭಾನುವಾರ. ನಾಲ್ಕೂ ಜನ ಒಟ್ಟಿಗೆ ಮನೆಯಲ್ಲಿರುವ ದಿನ ಒಂದೇ ಸಿಕ್ಕಿತು. ಮೇ 1, ಕಾರ್ಮಿಕರ ದಿನ. ಅದೂ ಅವತ್ತು ನನಗೆ ಡ್ಯೂಟಿ ಬೀಳದಿದ್ದರೆ!

ಶಿಬಿರಗಳ ವಿಷಯ ನಿನಗೇ ಗೊತ್ತು. ರಂಗಾಯಣದ ಚಿಣ್ಣರ ಮೇಳಕ್ಕೆ ಅರ್ಜಿ ತರ್ತೀನಿ ಅಂದವನು ನಾನು, ಮರೆತವನೂ ನಾನೇ. ನಮ್ಮ ಕಡೆಯ ಬೇರೆ ಶಿಬಿರ ವಿಚಾರಿಸಿದರೆ ಬೆಳಗ್ಗೆ 10ಕ್ಕೆ ಶುರು, ಮಧ್ಯಾಹ್ನ 1ಕ್ಕೆ ಮುಗಿಯಿತು. ಬಿಟ್ಟು ಬರೋಕೆ, ಕರ್ಕೊಂಡು ಬರೋಕೆ ಮನೆಯಲ್ಲಿ ಒಬ್ಬರು ಸುಮ್ನೆ ಕೂತಿರ್ತಾರೆ ಅಂತಲೇ ಅವರ ಲೆಕ್ಕ.

ಆದರೆ ನಾನು ಹೇಳಬೇಕು ಅಂತಿದ್ದದ್ದು ಬೇರೆ. ಹೋದ ವಾರ ಟ್ರಿಪ್ ಬೇಗ ಮುಗಿದು ಹೇಳದೆ ಮನೆಗೆ ಬಂದೆನಲ್ಲ. ನಡುಮನೆಯಲ್ಲಿ ಪ್ಲಾಸ್ಟಿಕ್ ಕುರ್ಚಿ, ಸ್ಟೂಲು, ಮಡಿಸಿಟ್ಟ ಹಾಸಿಗೆ ಎಲ್ಲ ಸಾಲಾಗಿ ಇದ್ದವು. ತಮ್ಮ ಡ್ರೈವರ್. ನಿನ್ನ ಕೈಯಲ್ಲಿ ನಾನು ತಂದಿಟ್ಟ ಟಿಕೆಟ್ ರೋಲಿನ ಚೂರು. 'ಮುಂದೆ ಹೋಗಿ, ಮುಂದೆ ಹೋಗಿ' ಅಂತ ಥೇಟ್ ನನ್ನ ಧ್ವನಿಯಲ್ಲೇ ಕೂಗ್ತಿದ್ದೆ. ನಗು ಬಂತು. ಆಮೇಲೆ ನಿನ್ನ ಮುಖ ನೋಡಿದೆ. ಅವನು ಆಡುತ್ತಿದ್ದ, ನೀನು ಆಡಿಸುತ್ತಿದ್ದೆ. ಒಂದು ಕಣ್ಣು ಒಲೆಯ ಮೇಲಿನ ಕುಕ್ಕರಿನ ಕಡೆ. ಎರಡು ಕೂಗಿತಾ ಮೂರಾ ಅಂತ.

ನಮ್ಮ ಪುಟ್ಟಿಗೆ ಬಹಳ ಜವಾಬ್ದಾರಿ, ನನಗೆ ಮನೆ ಕಡೆ ಯೋಚನೆನೇ ಇಲ್ಲ ಅಂತ ಡಿಪೋದಲ್ಲಿ ಎಲ್ಲರ ಮುಂದೆ ಹೇಳ್ಕೊಂಡು ತಿರುಗಿದವನು ನಾನು. ಹಾಗೆ ಹೊಗಳಿದಷ್ಟೂ ನಮಗೆ ಅನುಕೂಲ ಆಯ್ತು, ನಿನಗೆ ಕೆಲಸ ಜಾಸ್ತಿ ಆಯ್ತು. ಹೊಗಳಿಸಿಕೊಂಡವಳು ಬೇಜಾರು ಅಂತ ಹೇಳೋದಾದರೂ ಹೇಗೆ, ಅಲ್ವಾ?

ಈಜು ಕಲೀಬೇಕು ಅಂತ ಜನವರಿಯಿಂದ ಕೇಳ್ತಿದ್ದೀಯ. ಅಷ್ಟು ದೂರ ಒಬ್ಬಳೇ ಹೇಗೆ ಹೋಗ್ತೀಯ ಅಂತ ತಳ್ಳಿಹಾಕುತ್ತಾ ಬಂದೆ. ದಿನಾ ನೂರಾರು ಹೆಣ್ಣುಮಕ್ಕಳನ್ನು ಬಸ್ಸಿಗೆ ಹತ್ತಿಸಿಕೊಳ್ಳುವವನಿಗೆ ತನ್ನ ಮಗಳನ್ನು ಬಸ್ಸು ಹತ್ತಿಸೋಕೆ ಭಯ! ಮುಂದಿನ ವಾರದಿಂದ ಮಧ್ಯಾಹ್ನದ ಶೆಡ್ಯೂಲ್ ಕೇಳಿ ತಗೊಂಡಿದ್ದೇನೆ. ಬೆಳಗ್ಗೆ ತಮ್ಮನೂ ನಂದು, ಕುಕ್ಕರೂ ನಂದು. ಸಾರು ಹೇಗೇ ಇರಲಿ, ತಿನ್ನಬೇಕು. ನೀನು ಸರಸ್ವತಿಪುರಂನಲ್ಲಿರುವ ಯೂನಿವರ್ಸಿಟಿ ಈಜುಕೊಳದ ಬೆಳಗಿನ ಬ್ಯಾಚಿಗೆ ಹೋಗು. ಮೊದಲ ದಿನ ನಾವು ಮೂವರೂ ಬರ್ತೀವಿ. ಆಮೇಲೆ ನೀನೊಬ್ಬಳೇ.

ಸಿಟಿ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಇನ್ನೊಂದು ಬಸ್ ಹಿಡೀಬೇಕು. ಆಧಾರ್ ಕಾರ್ಡ್ ಬ್ಯಾಗಿನ ಒಳ ಜೇಬಿನಲ್ಲಿಡು, ಒದ್ದೆ ಟವೆಲ್ ಜೊತೆ ಬೇಡ. ಫ್ರೀ ತಾನೆ ಅಂತ ಸುಮ್ನೆ ಕೂರಬೇಡ, ಶೂನ್ಯ ದರದ ಟಿಕೆಟ್ ಕೇಳಿ ತಗೋ, ಇಳಿಯೋವರೆಗೂ ಇಟ್ಕೋ. ಫುಟ್‌ಬೋರ್ಡ್ ಹತ್ತಿರ ನಿಲ್ಲಬೇಡ. ಸ್ಟಾಪ್ ಗೊತ್ತಾಗದಿದ್ದರೆ ಕಂಡಕ್ಟರನ್ನೇ ಕೇಳು. ಅವರು ರೇಗಿದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡ. ಬೇಸಿಗೆಯಲ್ಲಿ ನಾವು ಎಲ್ಲರ ಮೇಲೂ ರೇಗ್ತೀವಿ.

ನಿನ್ನ ಅಪ್ಪ