ಕಬಡ್ಡಿ ಆಮೇಲೆ, ಮೊದಲು ಕೆರೆ ಏರಿ ಮೇಲೆ ನಡಿ

ಪುಟ್ಟಾ,

ಬರೋ ತಿಂಗಳು ಕಬಡ್ಡಿಗೆ ವಾಪಸ್ ಹೋಗ್ತೀನಿ ಅನ್ನೋ ನಿನ್ನ ಮೆಸೇಜ್ ರಾತ್ರಿ ಹನ್ನೊಂದೂವರೆಗೆ ನೋಡ್ದೆ. ಆಗಲೇ ಫೋನ್ ಮಾಡಿದ್ರೆ ನಿಮ್ಮಮ್ಮಂಗೂ ಎಚ್ಚರ ಆಗಿ ಮೂರು ಜನಾನೂ ಜಗಳಕ್ಕೆ ನಿಲ್ತಿದ್ವಿ, ಅದಕ್ಕೆ ಬೆಳಗ್ಗೆ ಎದ್ದು ಉದ್ದಕ್ಕೆ ಟೈಪ್ ಮಾಡ್ತಿದೀನಿ, ಏನಾದ್ರೂ ಜಾಸ್ತಿ ಅಂದಿದ್ರೆ ಹೊಟ್ಟೆಗೆ ಹಾಕ್ಕೋ. (ನಾವಿಬ್ರೂ ಆ ಮಾತು ಆಡಬಾರದೇನೋ, ನಮ್ಮ ಹೊಟ್ಟೆಗೆ ಹಾಕಿದ್ದು ಹೊಟ್ಟೆ ಮೇಲಿನ ಬ್ಯಾಗಿಗೆ ಬರುತ್ತೆ ಅಂತ ಗೊತ್ತಲ್ಲ.)

ನನ್ನ ತಂಗಿ ಹೇಳೋದು ನೀನು ಜನ್ಮದಲ್ಲಿ ಗ್ರೌಂಡ್ ಕಡೆ ತಲೆ ಹಾಕಬಾರದು ಅಂತ, ನೀನು ಹೇಳೋದು ಬರೋ ತಿಂಗಳು ರೇಡ್‌ಗೆ ಇಳೀತೀನಿ ಅಂತ. ದೊಡ್ಡ ಕರುಳು ತೆಗೆದು ಬ್ಯಾಗ್ ಹಾಕಿದ ಆಪರೇಷನ್ ಆಗಿ ಇನ್ನೂ ಹತ್ತು ವಾರ ಕಣೋ. ಇಬ್ಬರದ್ದೂ ಅತಿ.

ಆ ಅಮೆರಿಕದವನ ಕಥೆ ಕಳಿಸಿದೀಯಲ್ಲ, ರೋಲ್ಫ್ ಬೆನಿರ್ಷ್ಕೆ, ಅದು ನಿಜವಾದ ಕಥೆನೇ. ನಿಂಗೆ ಬಂದ ಅದೇ ಅಲ್ಸರೇಟಿವ್ ಕೊಲೈಟಿಸ್, ದೊಡ್ಡ ಕರುಳಲ್ಲಿ ಹುಣ್ಣಾಗೋ ಕಾಯಿಲೆ, 1979ರಲ್ಲಿ ಸಾಯೋ ಹಂತಕ್ಕೆ ಹೋಗಿ ದೊಡ್ಡ ಕರುಳು ತೆಗೆಸ್ಕೊಂಡು, ಬ್ಯಾಗ್ ಸಮೇತ 1980ರಲ್ಲಿ ಅವರ ಫುಟ್‌ಬಾಲ್‌ಗೆ ವಾಪಸ್ ಬಂದು ಏಳು ಸೀಸನ್ ಆಡಿದ. ಆದ್ರೆ ನೀನು ಒಂದು ವಿಷ್ಯ ಮುಚ್ಚಿಟ್ಟೆ. ಅವನು ಕಿಕ್ಕರ್. ಬರ್ತಾನೆ, ಒದೀತಾನೆ, ಹೋಗ್ತಾನೆ. ನೀನು ಎದುರು ಕೋರ್ಟ್‌ಗೆ ನುಗ್ಗಿದ್ರೆ ಒಬ್ಬ ಕಾಲು ಹಿಡೀತಾನೆ, ಇನ್ನೊಬ್ಬ ಸೊಂಟಕ್ಕೆ ಬೀಳ್ತಾನೆ, ಮೇಲೆ ನಾಲ್ಕು ಜನ ಗುಡ್ಡೆ ಹಾಕ್ಕೋತಾರೆ. ಆ ಕಥೇನ ಕಬಡ್ಡಿಗೆ ಸಾಕ್ಷಿ ಅಂತ ತರಬೇಡ, ನಾನೂ ಮೂವತ್ತು ವರ್ಷ ಪಿಟಿ ಮೇಷ್ಟ್ರಾಗಿದ್ದವನು.

ಸ್ಟೋಮಾಗೆ, ಅಂದ್ರೆ ಹೊಟ್ಟೆ ಮೇಲೆ ಆಚೆ ತಂದಿರೋ ಕರುಳಿನ ಬಾಯಿಗೆ, ಏಟು ಬೀಳುತ್ತೆ ಅನ್ನೋದಷ್ಟೇ ಅಲ್ಲ, ಅದಕ್ಕೆ ಮೇಲೆ ಹಾಕ್ಕೊಳ್ಳೋ ಗಟ್ಟಿ ಗಾರ್ಡ್ ಸಿಗುತ್ತೆ. ಹೊಟ್ಟೆ ಸ್ನಾಯುನಲ್ಲಿ ತೂತು ಮಾಡಿ ಕರುಳು ಆಚೆ ತಂದಿದಾರೆ, ಆ ಜಾಗ ವೀಕು, ಬೇಗ ಭಾರ ಎತ್ತಿದ್ರೆ, ಮುಕ್ಕಿದ್ರೆ, ಪಕ್ಕದಿಂದ ಕರುಳು ಉಬ್ಬಿ ಹರ್ನಿಯಾ ಆಗಬಹುದು, ಆಮೇಲೆ ಬ್ಯಾಗ್ ಹಿಡಿದಿಡೋಕೆ ಚರ್ಮಕ್ಕೆ ಅಂಟಿಸೋ ಪ್ಲೇಟೂ ಸರಿಯಾಗಿ ಕೂರಲ್ಲ. ಅದಕ್ಕೇ ಮೂರು ತಿಂಗಳು ಜಿಮ್ಮು, ಡಂಬೆಲ್ಲು, ಗ್ಯಾಸ್ ಸಿಲಿಂಡರ್ ಯಾವುದೂ ಬೇಡ. ಅಮಾನಿಕೆರೆ ಏರಿ ಮೇಲೆ ದಿನಾ ನಡಿ. ಆಮೇಲೆ ಶಟಲ್ಲು, ಅದು ಒಗ್ಗಿದ್ರೆ ವಾಲಿಬಾಲ್. ಈಜು ಕೂಡ ಆಗುತ್ತೆ, ಗಾಯ ಪೂರ್ತಿ ಮಾಗಿರಬೇಕು, ಬ್ಯಾಗ್ ಖಾಲಿ ಮಾಡಿ ಅದರ ಗ್ಯಾಸ್ ಹೋಗೋ ಫಿಲ್ಟರ್ ಮೇಲೆ ಸ್ಟಿಕ್ಕರ್ ಅಂಟಿಸ್ಕೊಂಡು ಇಳೀಬೇಕು ಅಷ್ಟೇ. ಕಬಡ್ಡಿ ಬಗ್ಗೆ ಒಂದು ವರ್ಷ ಆದ್ಮೇಲೆ ಸರ್ಜನ್ ಹತ್ರ ಇಬ್ರೂ ಹೋಗಿ ಕೇಳೋಣ. ಬೇಡ ಅಂದ್ರೆ ಬೇಡ.

ನನಗೆ ಆಗಿದ್ದನ್ನ ಹೇಳ್ತೀನಿ, ನಿಮ್ಮತ್ತೆಗೂ ಪೂರ್ತಿ ಗೊತ್ತಿಲ್ಲ. ಕ್ಯಾನ್ಸರ್ ಆಪರೇಷನ್ ಆಗಿ ಎರಡನೇ ವರ್ಷ, ಹಳೇ ಹುಡುಗರ ಜೊತೆ ವಾಲಿಬಾಲ್‌ಗೆ ಹೋದೆ, ಬಿಳಿ ಪ್ಯಾಂಟು ಬೇರೆ, ಲೇಟಾಯ್ತು ಅಂತ ಬ್ಯಾಗ್ ಖಾಲಿ ಮಾಡ್ದೆ ಹೋಗಿದ್ದೆ, ಅದು ಅರ್ಧಕ್ಕಿಂತ ಜಾಸ್ತಿ ತುಂಬಿತ್ತು. ಒಂದು ಬಾಲ್‌ಗೆ ಡೈವ್ ಹೊಡ್ದೆ, ಪ್ಲೇಟ್ ಒಂದು ಕಡೆ ಎದ್ದೇಬಿಡ್ತು. ವಾಸನೆ ಮೊದಲು ನಂಗೇ ಬಂತು. ಒಬ್ಬ ಹುಡುಗ ಏನೂ ಕೇಳ್ದೆ ತನ್ನ ಜರ್ಸಿ ಬಿಚ್ಚಿ ನನ್ನ ಸೊಂಟಕ್ಕೆ ಕಟ್ಟಿ ಸ್ಕೂಟರ್ ಹತ್ರ ಕರ್ಕೊಂಡು ಬಂದ. ಆರು ತಿಂಗಳು ಆ ಕಡೆ ಹೋಗ್ಲಿಲ್ಲ ನಾನು. ದಡ್ಡತನ. ಮೂರನೇ ಒಂದು ಭಾಗ ತುಂಬಿದ್ರೆ ಖಾಲಿ ಮಾಡು, ಆಟಕ್ಕೆ ಮುಂಚೆ ಅಂತೂ ಕಡ್ಡಾಯ.

ಈಗ ನಾನು ಬೆಳಗ್ಗೆ ಸ್ಟೋಮಾ ಮೂಲಕ ಉಗುರುಬೆಚ್ಚಗಿನ ನೀರು ಹಾಕಿ ತೊಳ್ಕೊಂಡುಬಿಟ್ರೆ ಇಡೀ ದಿನ ನಿರಾಳ, ಅದು ನಂದು ಕೊಲೊಸ್ಟಮಿ, ಅಂದ್ರೆ ದೊಡ್ಡ ಕರುಳನ್ನ ಆಚೆ ತಂದಿರೋದು, ಆಗಿರೋದ್ರಿಂದ. ನಿಂದು ಇಲಿಯಾಸ್ಟಮಿ, ಸಣ್ಣ ಕರುಳನ್ನ ಆಚೆ ತಂದಿರೋದು, ಆ ಉಪಾಯ ನಿಂಗೆ ನಡೆಯಲ್ಲ, ಟ್ರೈ ಕೂಡ ಮಾಡ್ಬೇಡ. ನಿಂಗೆ ನೀರು, ಉಪ್ಪು ಹಿಡಿದಿಡೋ ದೊಡ್ಡ ಕರುಳೇ ಇಲ್ಲ. ನಮ್ಮೂರಲ್ಲಿ ಏಪ್ರಿಲ್ ಬಿಸಿಲಿಗೆ ಅರ್ಧ ಗಂಟೆ ಆಡಿದ್ರೆ ಬೆವರಲ್ಲೂ ಹೋಗುತ್ತೆ, ಬ್ಯಾಗಲ್ಲೂ ಹೋಗುತ್ತೆ. ಬರೀ ನೀರು ಲೀಟರ್‌ಗಟ್ಟಲೆ ಕುಡಿದ್ರೆ ಇನ್ನೂ ಜಾಸ್ತಿ ಹರಿದು ಹೋಗುತ್ತೆ, ಒಂದು ಲೀಟರ್ ನೀರಿಗೆ ಒಂದು ಪ್ಯಾಕೆಟ್ ಓಆರ್‌ಎಸ್ ಕಲಸಿ ಗುಟುಕು ಗುಟುಕಾಗಿ ಕುಡಿ. ಎಳನೀರು ಸಾಲಲ್ವಾ ಅಂತೀಯ, ತಿಪಟೂರು ಸೀಮೆಯವರಿಗೆ ಎಲ್ಲಕ್ಕೂ ಅದೇ ಮದ್ದು, ಆದ್ರೆ ಅದರಲ್ಲಿ ಪೊಟ್ಯಾಶಿಯಂ ಜಾಸ್ತಿ, ಸೋಡಿಯಂ ಕಮ್ಮಿ, ನಿಂಗೆ ಬೇಕಿರೋದು ಉಪ್ಪು. ಉಚ್ಚೆ ಗಾಢ ಹಳದಿ ಆದ್ರೆ, ಮೀನಖಂಡ ಹಿಡ್ಕೊಂಡ್ರೆ, ತಲೆ ತಿರುಗಿದ್ರೆ ಆಟ ಬಿಟ್ಟು ನೆರಳಿಗೆ ಬಾ.

ಇನ್ನೊಂದು, ನಿಮ್ಮಮ್ಮ ಶನಿವಾರ ಎಣ್ಣೆ ಸ್ನಾನ ಅಂತ ಹೊಟ್ಟೆಗೂ ಹಚ್ಚಿದಾಳೆ ಅಂತ ಕೇಳ್ದೆ. ಎಣ್ಣೆ ಇರೋ ಚರ್ಮಕ್ಕೆ ಯಾವ ಪ್ಲೇಟೂ ಅಂಟಲ್ಲ, ಅವಳಿಗೆ ನಾನು ಹೇಳ್ತೀನಿ. ತೊಳೆದು, ಚೆನ್ನಾಗಿ ಒಣಗಿಸಿ, ಅಂಟಿಸಿ, ಅಂಗೈ ಬಿಸಿ ಕೊಟ್ಟು ಹಿಡ್ಕೋ, ಹಾಕಿದ ಕೂಡ್ಲೇ ಓಡ್ಬೇಡ, ಒಂದು ಗಂಟೆ ಬಿಡು. ಆಟ ಆದ್ಮೇಲೆ ಸ್ಟೋಮಾ ಕಣ್ಣಾರೆ ನೋಡು, ಅದಕ್ಕೆ ನೋವು ಗೊತ್ತಾಗಲ್ಲ, ಗಾಯ ಆಗಿದ್ರೂ ನಿಂಗೆ ತಿಳಿಯಲ್ಲ. ಬಾಯೊಳಗಿನ ಥರ ಕೆಂಪಗೆ ಒದ್ದೆ ಇರಬೇಕು, ಕಪ್ಪು ತಿರುಗಿದ್ರೆ ಆಟೋ ಹತ್ತಿ ಸೀದಾ ಆಸ್ಪತ್ರೆ.

ಟೀಮಲ್ಲಿ ಎಲ್ರಿಗೂ ಹೇಳ್ಬೇಕಾಗಿಲ್ಲ. ಒಬ್ಬನಿಗೆ ಹೇಳು, ಜರ್ಸಿ ಬಿಚ್ಚಿ ಕೊಡೋ ಥರದವನಿಗೆ.

ಭಾನುವಾರ ಆರು ಗಂಟೆಗೆ ಕೆರೆ ಹತ್ರ ಬಾ, ನಾನಿರ್ತೀನಿ, ಎರಡು ಶಟಲ್ ಬ್ಯಾಟೂ ತರ್ತೀನಿ, ಆಡೋದಲ್ಲ, ಸುಮ್ನೆ ಕೈಗೆ ಅಭ್ಯಾಸ ಆಗ್ಲಿ ಅಂತ. ಆಮೇಲೆ ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿನ್ನೋಣ, ಚಟ್ನಿಲಿ ಕಾಯಿ ತರಿತರಿ ಇದ್ರೆ ನಿಂದು ನನಗೆ ಬಡ್ಸು, ನಿಂಗೆ ಅದು ಕರುಳಲ್ಲಿ ಸಿಕ್ಕಾಕ್ಕೋಬಹುದು.

ನಿನ್ನ ಮಾವ

ಮರೆತಿದ್ದೆ, ಸ್ಪೇರ್ ಪ್ಲೇಟು ಮನೇಲೇ ಸೈಜಿಗೆ ಕತ್ತರಿಸಿ ತಾ, ಅಲ್ಲಿ ಕತ್ತರಿ ಹುಡುಕೋಕಾಗಲ್ಲ. ಬೈಕ್ ಡಿಕ್ಕೀಲಿ ಮಾತ್ರ ಇಡ್ಬೇಡ, ಬಿಸಿಲಿಗೆ ಅಂಟು ಕರಗಿಹೋಗುತ್ತೆ.