ಅಪ್ಪನ ಇನ್ನೂರು ಕಿಲೋಮೀಟರ್

ಲೀಡ್ಸ್,
ಭಾನುವಾರ ಮಧ್ಯಾಹ್ನ

ಮಾತೃಶ್ರೀಯವರಿಗೆ ಮಗಳು ಮಾಡುವ ನಮಸ್ಕಾರಗಳು. ಉಭಯಕುಶಲೋಪರಿ. ಇಲ್ಲಿ ಎಲ್ಲರೂ ಆರಾಮಾಗಿದ್ದೇವೆ. ಪುಟ್ಟಿಯ ಕೆಮ್ಮು ಹೋಯಿತು. ಸಾರಿನ ಪುಡಿ, ಹುರಿಗಾಳು ಬಂದು ಸೇರಿತು.

ನಿನ್ನ ಕಾಗದ ಓದಿದೆ. ಫೋನಿನಲ್ಲಾದರೆ ಅಪ್ಪ ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಾರೆ ಅಂತ ಕಾಗದ ಬರೆದದ್ದು ಒಳ್ಳೆಯದಾಯಿತು. 'ಅರವತ್ತೊಂದು ವರ್ಷ, ಮೈಯಲ್ಲಿ ಸಕ್ಕರೆ, ಒಂದೇ ದಿನ ಇನ್ನೂರು ಕಿಲೋಮೀಟರ್ ಸೈಕಲ್ ತುಳೀತಾರಂತೆ, ನೀನಾದರೂ ಬುದ್ಧಿ ಹೇಳು' ಅಂತ ಬರೆದಿದ್ದೀಯ. ಬುದ್ಧಿ ಹೇಳುತ್ತೇನೆ, ಬೇಡ ಅಂತ ಮಾತ್ರ ಹೇಳುವುದಿಲ್ಲ. ಬೇಡ ಅಂದರೆ ವಾಕಿಂಗ್ ಗೆಳೆಯರ ಜೊತೆ ಹೇಳದೆ ಕೇಳದೆ ಹೊರಟುಬಿಡುತ್ತಾರೆ, ಅದು ಇನ್ನೂ ಕಷ್ಟ. ನನಗೆ ಕಿಲೋಮೀಟರಿನ ಚಿಂತೆಯಿಲ್ಲ. ಚಿಂತೆ ಇರುವುದು ಅವರ ಮಾತ್ರೆಯದು. ಅದಕ್ಕೆ ಬರುತ್ತೇನೆ.

ಮೊದಲು ನಿನ್ನ ಸಮಾಧಾನಕ್ಕೆ: ಇದು ರೇಸ್ ಅಲ್ಲವೇ ಅಲ್ಲ. ಬ್ರೆವೆ ಅನ್ನುತ್ತಾರೆ. ಪ್ಯಾರಿಸ್ಸಿನ ಆಡಾಕ್ಸ್ ಕ್ಲಬ್ಬಿನವರು ಮಾಡಿದ ನಿಯಮ ಲೋಕಕ್ಕೆಲ್ಲ ಒಂದೇ, ನಮ್ಮಲ್ಲಿ ಆಡಾಕ್ಸ್ ಇಂಡಿಯಾದವರು ನೋಡಿಕೊಳ್ಳುತ್ತಾರೆ. ಫಸ್ಟು, ಸೆಕೆಂಡು ಅಂತ ಇಲ್ಲ, ಹೊತ್ತಿಗೆ ಸರಿಯಾಗಿ ಮುಗಿಸಿದರೆ ಸಾಕು. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆ. ನಾಲ್ಕನ್ನೂ ಒಂದೇ ಸೀಸನ್ನಿನಲ್ಲಿ ಮುಗಿಸಿದವರಿಗೆ ಸೂಪರ್ ರಾಂಡೊನ್ಯೂರ್ ಅನ್ನುವ ಬಿರುದು. ಅಪ್ಪನ ಕಣ್ಣು ಅದರ ಮೇಲಿದ್ದರೆ ನಾನು ನಿನ್ನ ಪಕ್ಷ. 200 ಹಗಲಿನ ಕೆಲಸ. 400, 600 ಅಂದರೆ ರಾತ್ರಿ ನಿದ್ದೆಗೆಟ್ಟು ಹೆದ್ದಾರಿಯಲ್ಲಿ ತುಳಿಯಬೇಕು. ಅಲ್ಲಿ ಜನ ಬೀಳುವುದು ಕಾಲು ಸೋತು ಅಲ್ಲ, ಸೀಟಿನ ಮೇಲೆ ಕೂತಲ್ಲೇ ಕಣ್ಣು ಮುಚ್ಚಿ. ಆ ಮಾತು ಈ ವರ್ಷ ಬೇಡ.

ಲೆಕ್ಕ ಹೀಗೆ. ಬೆಳಿಗ್ಗೆ ಆರಕ್ಕೆ ಹೊರಟರೆ ಸಂಜೆ ಏಳೂವರೆಗೆ ಮುಗಿಯಬೇಕು. ಗಂಟೆಗೆ 20 ಕಿ.ಮೀ. ಹೋದರೆ ತುಳಿಯುವುದು ಹತ್ತು ಗಂಟೆ, ನಿಲ್ಲುವುದಕ್ಕೆ ಮೂರೂವರೆ ಗಂಟೆ ಉಳಿಯುತ್ತೆ. ನಡುವೆ ಕಂಟ್ರೋಲ್ ಅಂತ ಜಾಗಗಳಿವೆ, ಅಲ್ಲಿ ಸವಾರನ ಬ್ರೆವೆ ಕಾರ್ಡಿಗೆ ಹೊತ್ತು ಹಾಕಿಸಬೇಕು. ನೂರನೇ ಕಿಲೋಮೀಟರಿನದು ಹನ್ನೆರಡೂ ನಲವತ್ತಕ್ಕೆ ಮುಚ್ಚುತ್ತೆ. ಯಾರೂ ಇಲ್ಲದ ಕಂಟ್ರೋಲ್ ಆದರೆ ಹೊತ್ತು ಅಚ್ಚಾದ ಅಂಗಡಿ ಬಿಲ್ಲೋ ಎಟಿಎಂ ಚೀಟಿಯೋ ಬೇಕಾಗಬಹುದು, ಹೊರಡುವ ಮೊದಲೇ ಕೇಳಿಕೊಳ್ಳಲಿ. ಕಾರ್ಡು ಕಳೆದರೆ ತುಳಿದದ್ದೆಲ್ಲ ದಂಡ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಡು. ಹೊತ್ತು ಹಾಳಾಗುವುದು ದಾರಿಯಲ್ಲಿ ಅಲ್ಲ, ಹೋಟೆಲಿನಲ್ಲಿ. ಅಪ್ಪನ ಗೆಳೆಯರು ತಿಂಡಿಗೆ ಕೂತರೆ ಎರಡನೇ ಕಾಫಿ ಮುಗಿಯದೆ ಏಳುವವರಲ್ಲ. ತಿಂಡಿಗೆ ಇಪ್ಪತ್ತು ನಿಮಿಷ, ಊಟಕ್ಕೆ ನಲವತ್ತು. ಬಿಸಿಲು ಏರುವ ಮೊದಲು, ಹನ್ನೊಂದೂವರೆ ಒಳಗೆ, ನೂರು ದಾಟಿರಬೇಕು. ಮಧ್ಯಾಹ್ನದ ಎದುರುಗಾಳಿಗೆ ವೇಗ ಗಂಟೆಗೆ ಹದಿನಾರಕ್ಕೆ ಇಳಿದರೂ ಆಗ ಗಾಬರಿಯಾಗುವುದಿಲ್ಲ.

ಸಂತು ಸ್ಕೂಟರಿನಲ್ಲಿ ಹಿಂದೆ ಹೋಗಲಿ ಅಂತ ಬರೆದಿದ್ದೀಯ. ಅದು ಆಗುವುದಿಲ್ಲ ಅಮ್ಮ. ಹಿಂದೆ ಗಾಡಿ ಬಂದರೆ ಅಪ್ಪನ ಸವಾರಿಯೇ ರದ್ದಾಗಬಹುದು. ಸಹಾಯ ಕೊಡುವುದಿದ್ದರೆ ಕಂಟ್ರೋಲಿನಲ್ಲಿ ಮಾತ್ರ. ಸಂತು ನೂರನೇ ಕಿಲೋಮೀಟರಿನ ಹತ್ತಿರ ಮೊಸರನ್ನ ಹಿಡಿದು ಕಾದಿರಬಹುದು, ಅದಕ್ಕೆ ತಕರಾರಿಲ್ಲ. ಫೋನಿನಲ್ಲಿ ಲೈವ್ ಲೊಕೇಶನ್ ಹಾಕಿಸು, ಮನೆಯಲ್ಲೇ ಕೂತು ಎಲ್ಲಿದ್ದಾರೆ ನೋಡುತ್ತಿರಬಹುದು. ಇನ್ನು ಮೈಸೂರು-ಬೆಂಗಳೂರು ಎಕ್ಸ್‌ಪ್ರೆಸ್‌ವೇ ಮೇಲೆ 2023ರ ಆಗಸ್ಟಿನಿಂದ ದ್ವಿಚಕ್ರ ವಾಹನವನ್ನೇ ಬಿಡುವುದಿಲ್ಲ, ಸೈಕಲ್ಲಂತೂ ಇಲ್ಲವೇ ಇಲ್ಲ. ಆ ಕಡೆ ಅಭ್ಯಾಸಕ್ಕೆ ಹೋದರೂ ಸರ್ವಿಸ್ ರಸ್ತೆಯೇ.

ಈಗ ಮಾತ್ರೆ. ಇದನ್ನು ಎರಡು ಸಲ ಓದು.

ಮೆಟ್‌ಫಾರ್ಮಿನ್ ಒಂದೇ ತಗೊಳ್ಳುತ್ತಿದ್ದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುವುದು ಅಪರೂಪ. ಆದರೆ ಗ್ಲಿಮೆಪಿರೈಡ್ ಅಥವಾ ಗ್ಲಿಕ್ಲಾಜೈಡ್ ಅಂತ ಏನಾದರೂ ಸೇರಿದ್ದರೆ ವಿಷಯ ಬೇರೆ. ಅದು ರಕ್ತದಲ್ಲಿ ಸಕ್ಕರೆ ಎಷ್ಟಿದೆ ಅಂತ ನೋಡದೆ ಇನ್ಸುಲಿನ್ ಹೊರಡಿಸುತ್ತೆ. ಇತ್ತ ತುಳಿಯುವ ಸ್ನಾಯು ಇನ್ಸುಲಿನ್ ಇಲ್ಲದೆಯೂ ಸಕ್ಕರೆ ಎಳೆದುಕೊಳ್ಳುತ್ತೆ. ಎರಡೂ ಸೇರಿದರೆ ಸಕ್ಕರೆ ಕುಸಿಯುತ್ತೆ. ಅದೂ ಸವಾರಿ ಮುಗಿದ ಮೇಲೆ ನಿಲ್ಲುವುದಿಲ್ಲ, ಖಾಲಿಯಾದ ಸ್ನಾಯು ತುಂಬಿಕೊಳ್ಳುತ್ತ ಮಾರನೇ ದಿನದವರೆಗೂ ಇಳಿಸಬಹುದು. ಹಾಗಾಗಿ ಆ ರಾತ್ರಿ ಊಟ ಮಾಡದೆ ಮಲಗಲು ಬಿಡಬೇಡ. ಮಲಗುವ ಮುಂಚೆ ಒಂದು ಸಲ ಬೆರಳು ಚುಚ್ಚಿ ನೋಡು. ಡಪಾಗ್ಲಿಫ್ಲೋಜಿನ್ ಥರದ್ದು ಇದ್ದರೆ ಅದು ಮೂತ್ರದಲ್ಲಿ ನೀರು ಕಳೆಯುತ್ತೆ, ಬಿಸಿಲಿನಲ್ಲಿ ಅದೂ ಒಂದು ತೊಂದರೆ. ಬಿ.ಪಿ.ಗೆ ಬೀಟಾ ಬ್ಲಾಕರ್ ಕೊಟ್ಟಿದ್ದರೆ ಸಕ್ಕರೆ ಇಳಿದಾಗ ಬರುವ ನಡುಕ, ಎದೆಬಡಿತ ಎರಡೂ ಗೊತ್ತಾಗದೆ ಹೋಗಬಹುದು. ಬೆವರನ್ನಂತೂ ನಂಬುವ ಹಾಗಿಲ್ಲ, ಸೈಕಲ್ ಮೇಲೆ ಎಲ್ಲರೂ ಬೆವರುತ್ತಾರೆ. ಉಳಿಯುವ ಗುರುತು ಮಾತು ತೊದಲುವುದು, ಸುಮ್ಮಸುಮ್ಮನೆ ಸಿಟ್ಟು, ದಾರಿ ತಪ್ಪುವುದು. ಅಪ್ಪನಿಗೆ ಸಿಟ್ಟು ಮಾಮೂಲು, ಹಾಗಾಗಿ ಜೊತೆಯವರಿಗೆ ಮೊದಲೇ ಹೇಳಿಡಬೇಕು.

ಡೋಸ್ ಕಡಿಮೆ ಮಾಡುವುದು, ಬಿಡುವುದು ಡಾಕ್ಟರ ಕೆಲಸ. ಅಪ್ಪ 'ನಾನೇ ಅರ್ಧ ಮಾತ್ರೆ ತಗೋತೀನಿ' ಅಂದರೆ ಒಪ್ಪಬೇಡ. ಡಾಕ್ಟರಿಗೆ 'ಸ್ವಲ್ಪ ಸೈಕಲ್ ಹೊಡೀತಾರೆ' ಅನ್ನಬೇಡಿ, 'ಹತ್ತು ಗಂಟೆ, ಇನ್ನೂರು ಕಿಲೋಮೀಟರ್' ಅಂತಲೇ ಹೇಳಿ. ಟ್ರೆಡ್‌ಮಿಲ್ ಟೆಸ್ಟ್, ಕಣ್ಣಿನ ಅಕ್ಷಿಪಟಲದ ಪರೀಕ್ಷೆ, ಪಾದದ ಸ್ಪರ್ಶ ಪರೀಕ್ಷೆ ಮೂರೂ ಆಗಲಿ. ಎದೆಯ ಟೆಸ್ಟಿನಲ್ಲಿ ಏನಾದರೂ ಕಂಡರೆ ಅಲ್ಲಿಗೆ ಮುಗಿಯಿತು, ನಾನೇ ಫೋನ್ ಮಾಡಿ ನಿಲ್ಲಿಸುತ್ತೇನೆ.

ಆ ದಿನ ಹೊರಡುವ ಮುಂಚೆ ಬೆರಳು ಚುಚ್ಚಿ ನೋಡಲಿ. 90ಕ್ಕಿಂತ ಕಡಿಮೆ ಇದ್ದರೆ ಏನಾದರೂ ತಿಂದೇ ಹೊರಡಬೇಕು. ದಾರಿಯಲ್ಲಿ ಎರಡು ಗಂಟೆಗೊಮ್ಮೆ ನೋಡಲಿ. 70ಕ್ಕಿಂತ ಇಳಿದರೆ ಸೈಕಲ್ ಇಳಿದು ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್, ಹದಿನೈದು ನಿಮಿಷ ಕೂತು ಮತ್ತೆ ಪರೀಕ್ಷೆ. ಚಾಕಲೇಟು ಬೇಡ, ಅದರ ಜಿಡ್ಡಿನಿಂದ ಸಕ್ಕರೆ ನಿಧಾನವಾಗಿ ಏರುತ್ತೆ. ಗ್ಲೂಕೋಸ್ ಪೊಟ್ಟಣ ಜೇಬಿನಲ್ಲೇ ಇರಲಿ, ಸೀಟಿನ ಹಿಂದಿನ ಚೀಲದಲ್ಲಿ ಇಟ್ಟರೆ ಕೈ ನಡುಗುವಾಗ ಜಿಪ್ ತೆಗೆಯಲಾಗುವುದಿಲ್ಲ. ಟೆಸ್ಟ್ ಸ್ಟ್ರಿಪ್ ಡಬ್ಬಿಯನ್ನು ಬಿಸಿಲಿಗೆ ಬಿಡಬೇಡಿ, ಬಿಸಿಗೆ ತಪ್ಪು ಸಂಖ್ಯೆ ತೋರಿಸುತ್ತೆ. ಕಾಯಿಲೆ, ಮಾತ್ರೆ, ನಿನ್ನ ನಂಬರು ಬರೆದ ಚೀಟಿ ಕೊರಳಿನಲ್ಲಿ.

ಸಕ್ಕರೆ ಕಾಯಿಲೆ ಅಂತ ಆ ದಿನ ಪಥ್ಯ ಮಾಡಿಸಬೇಡ! ತುಳಿಯುವವನಿಗೆ ಗಂಟೆಗೆ 40 ಗ್ರಾಂನಷ್ಟು ಕಾರ್ಬೋಹೈಡ್ರೇಟ್ ಬೇಕು. ಒಂದು ಬಾಳೆಹಣ್ಣಿನಲ್ಲಿ 20ರಿಂದ 25 ಗ್ರಾಂ ಬರುತ್ತೆ. ಒಟ್ಟಿಗೆ ತಿನ್ನದೆ ಮುಕ್ಕಾಲು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ. ಇಡ್ಲಿ, ಕಡಲೆಮಿಠಾಯಿ, ಮೊಸರನ್ನ ಎಲ್ಲ ಆಗುತ್ತೆ. ಪೂರಿ, ಬೋಂಡ ಬೇಡ. ನೀರು ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್. ಬರೀ ನೀರು ಕುಡಿಯುತ್ತ ಹೋದರೆ ರಕ್ತದ ಉಪ್ಪು ತೆಳುವಾಗಿ ತಲೆ ತಿರುಗುತ್ತೆ, ಅದಕ್ಕೆ ಓಆರ್‌ಎಸ್ ಬೇಕು. ಒಂದು ಲೀಟರಿನ ಪೊಟ್ಟಣವನ್ನು ಪೂರ್ತಿ ಒಂದು ಲೀಟರಿಗೇ ಕಲಸಬೇಕು, ರುಚಿಗೆ ಅಂತ ಅರ್ಧ ಲೀಟರಿಗೆ ಹಾಕಿದರೆ ಹೊಟ್ಟೆ ಕೆಡುತ್ತೆ.

ಸೈಕಲ್ ವಿಷಯ ಅಪ್ಪನಿಗೆ ಓದಿ ಹೇಳು. ಲಕ್ಷ ರೂಪಾಯಿಯ ಕಾರ್ಬನ್ ಸೈಕಲ್ ಬೇಡ, ಇರುವ ಗೇರ್ ಸೈಕಲ್ಲೇ ಸಾಕು. ಆ ದುಡ್ಡಿನಲ್ಲಿ ಒಳ್ಳೆ ಟೈರು, ದೀಪ, ಪ್ಯಾಡ್ ಇರುವ ಚಡ್ಡಿ ತಗೊಳ್ಳಲಿ. ಸೀಟಿನ ಎತ್ತರಕ್ಕೆ ಹೀಗೆ ನೋಡಬೇಕು: ಪೆಡಲ್ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಮಂಡಿ ನೆಟ್ಟಗಾಗಬೇಕು. ಮುಂಗಾಲಿಟ್ಟು ತುಳಿಯುವಾಗ ಆಗ ತಾನಾಗಿಯೇ ಸ್ವಲ್ಪ ಬಾಗಿರುತ್ತೆ. ಮಂಡಿಯ ಮುಂದೆ ನೋವು ಬಂದರೆ ಸೀಟು ತಗ್ಗಾಗಿದೆ, ಹಿಂದೆ ಬಂದರೆ ಎತ್ತರವಾಗಿದೆ ಅಂತ ಸಾಮಾನ್ಯವಾಗಿ ತಿಳಿಯಬೇಕು. ಕಿರುಬೆರಳು ಜೋಮು ಹಿಡಿದರೆ ಅಂಗೈ ಮೇಲೆ ಭಾರ ಜಾಸ್ತಿಯಾಗಿದೆ, ಸೀಟಿನ ಮೂತಿ ಕೆಳಗೆ ಬಾಗಿದೆಯೇ ನೋಡಲಿ. ತಿದ್ದುವುದಾದರೆ ಒಂದು ಸಲಕ್ಕೆ ಮೂರೋ ನಾಲ್ಕೋ ಮಿಲಿಮೀಟರ್, ಅದೂ ಹಿಂದಿನ ದಿನ ಖಂಡಿತ ಬೇಡ.

ಎರಡು ಹೊಸ ಟ್ಯೂಬು, ಪ್ಯಾಚು, ಟೈರ್ ಲಿವರ್ ಎರಡು, ಪಂಪು, ಅಲೆನ್ ಕೀ ಗೊಂಚಲು, ತಮ್ಮ ಚೈನಿಗೆ ಹೊಂದುವ ಕ್ವಿಕ್ ಲಿಂಕ್ (ತುಂಡಾದ ಚೈನು ಜೋಡಿಸುವ ಕೊಂಡಿ) ಇರಲಿ. ಒಂಬತ್ತು ಗೇರಿನ ಚೈನಿಗೆ ಹನ್ನೊಂದರ ಲಿಂಕ್ ಕೂರುವುದಿಲ್ಲ. ಟ್ಯೂಬಿನಲ್ಲಿ ಅಕ್ಕಪಕ್ಕ ಎರಡು ತೂತಿದ್ದರೆ ಗಾಳಿ ಕಡಿಮೆಯಾಗಿ ಗುಂಡಿಯಲ್ಲಿ ರಿಮ್ಮಿಗೆ ಕಚ್ಚಿದೆ ಅಂತ ಅರ್ಥ. ಒಂದೇ ತೂತಿದ್ದರೆ ಮುಳ್ಳೋ ತಂತಿಯೋ ಇರಬೇಕು. ಸಿಡಿದ ಲಾರಿ ಟೈರಿನ ಕೂದಲಿನಂಥ ತಂತಿ ಕಣ್ಣಿಗೆ ಕಾಣದು. ಟೈರಿನ ಒಳಗೆ ಬಟ್ಟೆ ಆಡಿಸಿ ಅದನ್ನು ತೆಗೆಯದೆ ಹೊಸ ಟ್ಯೂಬ್ ಹಾಕಿದರೆ ಹತ್ತು ನಿಮಿಷಕ್ಕೆ ಮತ್ತೆ ಅದೇ ಕತೆ. 32 ಮಿ.ಮೀ. ಟೈರಿಗೆ ಅಪ್ಪನ ತೂಕಕ್ಕೆ 60 ಪಿಎಸ್‌ಐ ಸುತ್ತಮುತ್ತ ಸಾಕು, ಕಲ್ಲಿನ ಹಾಗೆ ತುಂಬಬಾರದು. ಹೆಲ್ಮೆಟ್, ಮುಂದೆ ಹಿಂದೆ ದೀಪ, ಮಿನುಗುವ ಜಾಕೆಟ್ ಇಲ್ಲದಿದ್ದರೆ ಹೊರಡಲು ಬಿಡುವುದಿಲ್ಲ.

ಅಭ್ಯಾಸಕ್ಕೆ ಮೂರು ತಿಂಗಳು ಬೇಕು. ವಾರದಲ್ಲಿ ಎರಡು ದಿನ ಒಂದೊಂದು ಗಂಟೆ, ಭಾನುವಾರ ಒಂದು ಉದ್ದದ ಸವಾರಿ. ಮೈಸೂರಿನಿಂದ ನಂಜನಗೂಡಿಗೆ ಹೋಗಿ ಬಂದರೆ ಐವತ್ತರ ಹತ್ತಿರ, ಗುಂಡ್ಲುಪೇಟೆಗಾದರೆ ನೂರಿಪ್ಪತ್ತರ ಹತ್ತಿರ. ವಾರಕ್ಕೆ ಹತ್ತು ಹನ್ನೆರಡು ಕಿಲೋಮೀಟರ್ ಏರಿಸುತ್ತ, ನಾಲ್ಕನೇ ವಾರ ಇಳಿಸಿ, 140ರವರೆಗೆ ಹೋದರೆ 200 ಆಗುತ್ತೆ. ಮಾತಾಡುತ್ತ ತುಳಿಯುವಷ್ಟೇ ವೇಗ. ಆ ಉದ್ದದ ದಿನಗಳ ಸಕ್ಕರೆ ಸಂಖ್ಯೆಯನ್ನೆಲ್ಲ ನೀನೇ ಪುಸ್ತಕದಲ್ಲಿ ಬರೆದಿಡು, ಡಾಕ್ಟರಿಗೆ ಅದೇ ದೊಡ್ಡ ಆಧಾರ.

ಸಂತುಗೆ ರೇಸ್ ಹುಚ್ಚಂತೆ. ಬೆಂಗಳೂರು ಬೈಸಿಕಲ್ ಚಾಂಪಿಯನ್‌ಶಿಪ್ಸ್ ಅನ್ನುವ ಬಿಬಿಸಿಎಚ್‌ನವರು ಹವ್ಯಾಸಿಗಳಿಗಾಗಿಯೇ ರೇಸ್ ನಡೆಸುತ್ತಾರೆ, ಮೊದಲು ಟೈಮ್ ಟ್ರಯಲ್ಲಿಗೆ ಹೆಸರು ಕೊಡಲಿ. ಒಬ್ಬೊಬ್ಬರನ್ನೇ ಬಿಡುವುದರಿಂದ ಗುಂಪಿನಲ್ಲಿ ಬೀಳುವ ಭಯವಿಲ್ಲ. ಹೊಸಬರು ಮೊದಲ ಎರಡು ನಿಮಿಷದಲ್ಲೇ ಎಲ್ಲ ಶಕ್ತಿ ಸುರಿದು ಆಮೇಲೆ ತೆವಳುತ್ತಾರೆ. ಅರ್ಧ ದಾರಿಯವರೆಗೂ 'ಇನ್ನೂ ಆಗುತ್ತೆ' ಅನ್ನಿಸಬೇಕು. ಗುಂಪಿನ ರೇಸಿನಲ್ಲಿ ಮುಂದಿನವನ ಹಿಂದಿನ ಚಕ್ರಕ್ಕೆ ತನ್ನ ಮುಂದಿನ ಚಕ್ರ ಅಡ್ಡಡ್ಡ ಬರಬಾರದು, ತಗುಲಿದರೆ ಬೀಳುವವನು ಹಿಂದಿನವನೇ. ವಿಜಯಪುರ, ಜಮಖಂಡಿ ಕಡೆಯ ಪಳಗಿದ ಹುಡುಗರು ಬಂದಿದ್ದರೆ ಅವರ ಜೊತೆ ಮೊದಲ ದಿನವೇ ಪಂದ್ಯಕ್ಕೆ ನಿಲ್ಲಬೇಡ ಅನ್ನು, ಹಿಂದೆ ಕೂತು ಕಲಿಯಲಿ. ಇಲ್ಲಿ ಇಂಗ್ಲೆಂಡಿನ ರೇಸುಗಳಲ್ಲಿ ಎಲ್ಲರೂ ನಾಲ್ಕನೇ ದರ್ಜೆಯಿಂದಲೇ ಶುರು, 12 ಪಾಯಿಂಟ್ ಬಂದರೆ ಮೂರಕ್ಕೆ ಏರುತ್ತಾರೆ. ಅದಕ್ಕೇ ಕೆಲವರಿಗೆ ವರ್ಷಗಟ್ಟಲೆ ಬೇಕು.

ಇಲ್ಲಿನವರ ವಿಚಿತ್ರ ಕೇಳಬೇಕು ನೀನು. ಟೈಮ್ ಟ್ರಯಲ್ ದಾರಿಗೆ ಹೆಸರೇ ಇಲ್ಲ, ವಿ718 ಅಂತ ಗುಟ್ಟಿನ ಸಂಕೇತ. ನೂರಿಪ್ಪತ್ತು ಮೂವತ್ತು ವರ್ಷದ ಹಿಂದೆ ಪೊಲೀಸರ ಕಾಟಕ್ಕೆ ಹೆದರಿ, ಕರೀ ಬಟ್ಟೆ ಹಾಕಿಕೊಂಡು, ನಸುಕಿನಲ್ಲಿ ಒಬ್ಬೊಬ್ಬರಾಗಿ ಹೊರಡುತ್ತಿದ್ದರಂತೆ. ಈಗ ಯಾರ ಭಯವೂ ಇಲ್ಲ, ಗುಟ್ಟು ಮಾತ್ರ ಉಳಿದಿದೆ. ಬ್ರೆವೆಯಲ್ಲಿ ಯಾರೂ ಇಲ್ಲದ ಕಡೆ 'ಅಂಚೆಪೆಟ್ಟಿಗೆ ಮೇಲಿನ ಸಂಖ್ಯೆ ಏನು' ಅಂತ ಪ್ರಶ್ನೆ ಕೇಳಿ ಕಾರ್ಡಿನಲ್ಲಿ ಬರೆಸುತ್ತಾರೆ. ಉದ್ದದ ಸವಾರಿಯಲ್ಲಿ ದೊಡ್ಡ ದೊಡ್ಡ ಮನುಷ್ಯರು ಬಸ್ ಸ್ಟಾಪಿನ ಬೆಂಚಿನ ಮೇಲೆ ಮಲಗುತ್ತಾರೆ. ನಮ್ಮ ಲೀಡ್ಸನ್ನು ಮಾತ್ರ ಹಗುರವಾಗಿ ಎಣಿಸಬೇಡ, 2014ರಲ್ಲಿ ಟೂರ್ ಡಿ ಫ್ರಾನ್ಸ್ ಹೊರಟದ್ದೇ ಇಲ್ಲಿಂದ. ಪಕ್ಕದ ಮಾರ್ಲಿಯ ಬೆರಿಲ್ ಬರ್ಟನ್ ಅನ್ನುವ ಹೆಂಗಸು 1967ರಲ್ಲಿ ಹನ್ನೆರಡು ಗಂಟೆಯಲ್ಲಿ 277.25 ಮೈಲಿ ತುಳಿದು ಗಂಡಸರ ದಾಖಲೆಯನ್ನೇ ಮುರಿದಳು. ಮುಂದಿದ್ದ ಗಂಡಸನ್ನು ದಾಟುವಾಗ ಅವನ ಕೈಗೊಂದು ಜೇಷ್ಠಮಧುವಿನ ಮಿಠಾಯಿ ಕೊಟ್ಟು ಹೋದಳಂತೆ. ಮಗಳಿದ್ದ ಹೆಂಗಸು ಅಮ್ಮ, ತೋಟದ ಕೆಲಸ ಮಾಡುತ್ತಿದ್ದವಳು. ಇನ್ನೊಂದು ಸುದ್ದಿಯನ್ನು ಅಪ್ಪನಿಗೆ ಹೇಳಲೇಬೇಡ: ಫ್ರಾನ್ಸಿನ ರೊಬೇರ್ ಮಾರ್ಶಾಂ 2017ರಲ್ಲಿ ತನ್ನ 105ನೇ ವಯಸ್ಸಿನಲ್ಲಿ ಒಂದೇ ಗಂಟೆಯಲ್ಲಿ 22.547 ಕಿ.ಮೀ. ತುಳಿದ. ಕೇಳಿದರೆ 600ಕ್ಕೆ ಹೆಸರು ಕೊಟ್ಟುಬಿಡುತ್ತಾರೆ.

ಪರೀಕ್ಷೆಯಲ್ಲಿ ಎಲ್ಲ ಸರಿಯಿದ್ದು ಇಷ್ಟು ಜಾಗ್ರತೆ ಮಾಡಿದರೆ ಅಷ್ಟು ಹೆದರಬೇಕಾಗಿಲ್ಲ ಅಮ್ಮ. ನಡುವೆ ಸುಸ್ತಾದರೆ ಬಿಟ್ಟು ಬಸ್ಸು ಹತ್ತಬಹುದು, ಫೋನ್ ಮಾಡಿ ತಿಳಿಸಿದರೆ ಸಾಕು, ಅವಮಾನ ಏನಿಲ್ಲ. ದಿನವೂ ವಾಕಿಂಗ್ ಮಾಡುವ ಮೈ, ಗಟ್ಟಿ ಇದೆ. ನೀನು ರಾತ್ರಿಯೆಲ್ಲ ಯೋಚನೆ ಮಾಡಿ ನಿನ್ನ ಬಿ.ಪಿ. ಏರಿಸಿಕೊಳ್ಳಬೇಡ. ಪರೀಕ್ಷೆಗಳು ಆಗುವವರೆಗೆ ಹೆಸರು ನೋಂದಾಯಿಸುವುದು ಬೇಡ, ಅಷ್ಟೇ ನನ್ನ ಮಾತು. ಪರೀಕ್ಷೆಯ ಖರ್ಚು ನಾನು ಕಳಿಸುತ್ತೇನೆ, ಅಪ್ಪನಿಗೆ ಹೇಳುವುದು ಬೇಡ.

ಪುಟ್ಟಿ ಎದ್ದಳು, ಇಲ್ಲಿಗೇ ನಿಲ್ಲಿಸುತ್ತೇನೆ. ಅಜ್ಜಿಗೆ, ದೊಡ್ಡಮ್ಮನಿಗೆ ನಮಸ್ಕಾರ. ಅಪ್ಪನ ಮಾತ್ರೆ ಚೀಟಿಯ ಎರಡೂ ಬದಿಯ ಫೋಟೊವನ್ನು ಸಂತು ಕೈಲಿ ಇವತ್ತೇ ಕಳಿಸು, ಹೆಸರಿನ ಮುಂದಿನ ಮಿಲಿಗ್ರಾಂ ಕಾಣುವ ಹಾಗೆ.

ಇತಿ ನಿನ್ನ ಮಗಳು