ಗದ್ದೆ ದಾರಿ ಬಿಡಬೇಡಿ ಅಪ್ಪ

ಪ್ರೀತಿಯ ಅಪ್ಪ, ಅಮ್ಮ,

ನಾವೆಲ್ಲ ಚೆನ್ನಾಗಿದ್ದೇವೆ. ಅಮ್ಮನ ಮಂಡಿ ನೋವು ಈಗ ಹೇಗಿದೆ? ಅರೇಬಿಕಾ ಕಾಫಿ ಕುಯ್ಲು ಎಲ್ಲಿಗೆ ಬಂತು, ಈ ಸಲವೂ ಆಳುಗಳಿಗೆ ಪರದಾಟವಾ ಅಂತ ತಮ್ಮನನ್ನು ಕೇಳಿದರೆ ಅವನು ಗದ್ದೆ ದಾರಿಯ ಸುದ್ದಿ ತೆಗೆದ. ಪಕ್ಕದ ತೋಟ ಕೊಂಡವರು ಆ ದಾರಿಗೆ ಗೇಟು ಇಟ್ಟು ಬೀಗ ಹಾಕಿದ್ದಾರಂತೆ. ನೀವು "ಹೋಗಲಿ ಬಿಡು, ಸುತ್ತು ಬಳಸಿ ಹೋದರಾಯ್ತು, ಅಕ್ಕಪಕ್ಕದವರ ಹತ್ತಿರ ಯಾಕೆ ನಿಷ್ಠುರ" ಅಂದಿರಂತೆ. ಅಪ್ಪ, ದಯವಿಟ್ಟು ಹಾಗೆ ಬಿಡಬೇಡಿ. ಫೋನಿನಲ್ಲಿ ಹೇಳಿದರೆ ನೀವು ಮಾತು ತೇಲಿಸಿಬಿಡುತ್ತೀರಿ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಬಡಾವಣೆಯಲ್ಲೂ ದಾರಿಯದೇ ಜಗಳ ಆಯ್ತು. ಕ್ಯಾಲಿಫೋರ್ನಿಯಾದಲ್ಲಿ ಇಂಥ ಕಡೆ ಮನೆ ತಗೊಂಡರೆ ಮನೆ ಮಾಲೀಕರ ಸಂಘಕ್ಕೆ ತಾನಾಗೇ ಸೇರಿದ ಹಾಗೆ, ಬೇಡ ಅನ್ನುವಂತಿಲ್ಲ. ತಿಂಗಳು ತಿಂಗಳು ದುಡ್ಡು ಕಟ್ಟಬೇಕು. ಪಾರ್ಕು, ಕಾಲುದಾರಿ ಎಲ್ಲರಿಗೂ ಸೇರಿದ್ದು, ನೋಡಿಕೊಳ್ಳುವುದು ನಾವೇ ಆರಿಸಿದ ಬೋರ್ಡು. ಮನೆಗಳ ಹಿಂದಿನಿಂದ ಬಸ್ ಸ್ಟಾಪಿಗೆ ಹೋಗುವ ಒಂದು ಕಾಲುದಾರಿಗೆ ಬೋರ್ಡಿನವರು ಸೇಫ್ಟಿ ಅಂತ ಹೇಳಿ ಗೇಟು ಹಾಕಿಸಿದರು. ಆಮೇಲೆ ನೋಡಿದರೆ ದಾರಿಯ ಪಕ್ಕದ ಎರಡು ಮನೆಯವರು ಆ ಜಾಗವನ್ನೇ ತಮ್ಮ ಹಿತ್ತಲಿಗೆ ಸೇರಿಸಿಕೊಳ್ಳಲು ಹೊರಟಿದ್ದರು. ಎದುರುಮನೆಯ ಅಜ್ಜಿ ವಾಕರ್ ಹಿಡಿದು ನಡೆಯುವವರು. ಬೀಗದ ಮುಂದೆ ನಿಂತು, ವಾಕರ್ ತಿರುಗಿಸಲು ಜಾಗ ಸಾಲದೆ, ಒಂದೊಂದೇ ಹೆಜ್ಜೆ ಹಿಂದಕ್ಕೆ ಇಡುತ್ತಿದ್ದರು. ನೋಡಿ ನನಗೆ ತಡೆಯಲಿಕ್ಕೆ ಆಗಲಿಲ್ಲ.

ಇಲ್ಲಿ ಇದಕ್ಕೆಂದೇ 1985ರ ಡೇವಿಸ್-ಸ್ಟರ್ಲಿಂಗ್ ಕಾಯ್ದೆ ಇದೆ. ಎಲ್ಲರ ಜಾಗವನ್ನು ಒಬ್ಬರಿಗೇ ಬಿಟ್ಟುಕೊಡಬೇಕಾದರೆ, ಸಂಘದ ನಿಯಮದಲ್ಲಿ ಬೇರೆ ಪ್ರಮಾಣ ಬರೆದಿಲ್ಲದಿದ್ದರೆ, ಕೆಲವು ಸಂದರ್ಭ ಬಿಟ್ಟು ಉಳಿದಂತೆ ಕನಿಷ್ಠ ಶೇ. 67 ಸದಸ್ಯರ ಒಪ್ಪಿಗೆ ಬೇಕು. ಬೋರ್ಡು ಯಾರನ್ನೂ ಕೇಳಿರಲಿಲ್ಲ. ಸದಸ್ಯರು ಕೇಳಿದರೆ ಸಂಘದ ಕಾಗದಪತ್ರ ತೋರಿಸಲೇಬೇಕು, ಅದೂ ಕಾನೂನೇ. ನಾವು ಕೆಲವರು ಬರೆದು ಕೇಳಿದೆವು, ಮೀಟಿಂಗ್ ನಡಾವಳಿ ಕೈಗೆ ಬಂತು, ಓದಿದಾಗ ಎಲ್ಲ ಗೊತ್ತಾಯ್ತು.

ಅಷ್ಟರಲ್ಲಿ ಬೋರ್ಡಿನ ಚುನಾವಣೆ ಬಂತು. ಜನ ಓಟೇ ಹಾಕುವುದಿಲ್ಲ, ಅದೇ ಇಲ್ಲಿಯ ದೊಡ್ಡ ತೊಂದರೆ. ಕೋರಂ, ಅಂದರೆ ಕನಿಷ್ಠ ಬೇಕಾದ ಓಟು, ಆಗದೆ ಹಳಬರೇ ಮುಂದುವರಿಯುವುದು ಎಷ್ಟೋ ಸಂಘಗಳ ಕಥೆ. ಓಟಿನ ಚೀಟಿ ಕನಿಷ್ಠ 30 ದಿನ ಮುಂಚೆ ಮನೆಗೆ ಬರಬೇಕು. ಎರಡು ಲಕೋಟೆ ಇರುತ್ತವೆ. ಒಳಗಿನದರ ಮೇಲೆ ಹೆಸರಿಲ್ಲ, ಹೊರಗಿನದರ ಮೇಲೆ ಸಹಿ ಮಾಡಬೇಕು. ಸಂಜೆ ಹೊತ್ತು ಮನೆ ಮನೆಗೆ ಹೋಗಿ ಇಷ್ಟನ್ನೇ ಹೇಳಿಬಂದೆವು, ಚೀಟಿ ಕಸಕ್ಕೆ ಹಾಕಬೇಡಿ, ಸಹಿ ಮರೆಯಬೇಡಿ. ಎಣಿಕೆ ಎಲ್ಲರೂ ನೋಡುವ ಹಾಗೆ ನಡೆಯಬೇಕು, ಎಣಿಸುವವರು ಬೋರ್ಡಿನವರೂ ಆಗಿರಬಾರದು, ಅಭ್ಯರ್ಥಿಯೂ ಆಗಿರಬಾರದು. ಎಣಿಸಲು ಬಂದಿದ್ದ ಹೆಂಗಸು ಒಂದೊಂದೇ ಲಕೋಟೆಯ ಸಹಿಯನ್ನು ಪಟ್ಟಿಯ ಜತೆ ಹೋಲಿಸಿ ನೋಡಿ, ಪೇಪರ್ ಚಾಕುವಿನಿಂದ ಸೀಳಿ, ಒಳಗಿನದನ್ನು ಬೇರೆ ಡಬ್ಬಕ್ಕೆ ಹಾಕುತ್ತಿದ್ದರು. ನಮ್ಮ ಕಡೆಯವರಿಬ್ಬರು ಗೆದ್ದರು. ಮೊದಲ ಮೀಟಿಂಗಿನಲ್ಲೇ ಗೇಟು ತೆಗೆಯುವ ತೀರ್ಮಾನ ಆಯ್ತು.

ಈಗ ನಮ್ಮ ದಾರಿಗೆ ಬರುತ್ತೇನೆ, ಇದನ್ನು ನಿಧಾನಕ್ಕೆ ಓದಿ. ನಮ್ಮಲ್ಲೂ ಕಾನೂನಿದೆ ಅಪ್ಪ, 1882ರ ಈಸ್‌ಮೆಂಟ್ ಕಾಯ್ದೆ, ಬೇರೆಯವರ ಜಮೀನಿನಲ್ಲಿ ದಾರಿಯಂಥ ಬಳಕೆಯ ಹಕ್ಕಿನದು. ಅದು ಮೊಟ್ಟಮೊದಲು ಜಾರಿಯಾದದ್ದು ಮದ್ರಾಸು, ಸೆಂಟ್ರಲ್ ಪ್ರಾವಿನ್ಸಸ್ ಮತ್ತು ನಮ್ಮ ಕೊಡಗಿನಲ್ಲಿ. ಖಾಸಗಿ ಜಮೀನಿನ ದಾರಿಯನ್ನು 20 ವರ್ಷ ತಡೆಯಿಲ್ಲದೆ, ರಾಜಾರೋಷವಾಗಿ, ಹಕ್ಕಿನಿಂದ ಬಳಸಿದ್ದರೆ ಅದು ಹಕ್ಕೇ ಆಗುತ್ತದೆ. ಅಜ್ಜನ ಕಾಲದಿಂದ ಎತ್ತು ಹೊಡೆದುಕೊಂಡು, ಸಸಿಯ ಕಟ್ಟು ಹೊತ್ತುಕೊಂಡು ಹೋದ ದಾರಿ ಅದು! ಆದರೆ ಯಾರೋ ಅಡ್ಡ ಹಾಕಿದ್ದು ಗೊತ್ತಾಗಿಯೂ ಒಂದು ವರ್ಷ ಸುಮ್ನೆ ಒಪ್ಪಿಕೊಂಡು ಕೂತರೆ ಅದು ತಡೆ ಅಂತ ಲೆಕ್ಕಕ್ಕೆ ಬರುತ್ತದೆ. ಕೇಸು ಹಾಕುವುದಾದರೆ ಆ 20 ವರ್ಷದ ಬಳಕೆ ನಿಂತು ಎರಡು ವರ್ಷ ದಾಟಿರಬಾರದು. ನಿಮ್ಮ ದಾಕ್ಷಿಣ್ಯ ಅವರಿಗೆ ಸಾಕ್ಷಿ ಆಗಬಾರದು.

ಇನ್ನೊಂದು. ಅವರು "ಬೀಗದ ಕೈ ಕೊಡ್ತೇವೆ, ಒಂದು ಸಹಿ ಹಾಕಿ" ಅಂದರೆ ಹಾಕಬೇಡಿ. ಅವರ ಅನುಮತಿಯಿಂದ ಓಡಾಡುತ್ತಿದ್ದೇವೆ ಅಂತ ಬರೆದುಕೊಟ್ಟರೆ ಹಕ್ಕು ಅನ್ನುವ ಮಾತೇ ಬಿದ್ದುಹೋಗುತ್ತದೆ. ತಮ್ಮನಿಗೆ ಹೇಳಿ, ಸಿಟ್ಟಿನಲ್ಲಿ ಬೀಗ ಒಡೆಯುವುದೂ ಬೇಡ, ಪೊಲೀಸ್ ಕೇಸಾದರೆ ನಮಗೇ ಕಷ್ಟ. ಸೋಮವಾರಪೇಟೆ ಸರ್ವೆ ಕಚೇರಿಯಲ್ಲಿ ಗ್ರಾಮ ನಕಾಶೆಯ ನಕಲು ತೆಗೆಸಿ, ನಮ್ಮ ದಾರಿ ಗೆರೆ ಅದರಲ್ಲಿದೆಯಾ ನೋಡಿ. ಆ ದಾರಿಯಲ್ಲಿ ನಾಟಿಗೆ ಬರುತ್ತಿದ್ದ ಹಿರಿಯರು ಊರಲ್ಲಿ ಇನ್ನೂ ಇದ್ದಾರಲ್ವಾ, ಅವರ ಮಾತು ಮುಂದೆ ಬೇಕಾಗುತ್ತದೆ. ಗೇಟಿನ ಫೋಟೋವನ್ನು ತಮ್ಮನೇ ತೆಗೆದಿಡಲಿ. ನಮ್ಮ ಆಕ್ಷೇಪಣೆಯನ್ನು ಅವರಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲೇ ಕಳಿಸಿ, ಬಾಯಿಮಾತು ಸಾಲದು. ವಕೀಲರ ಖರ್ಚು ನನ್ನದು, ಅದಕ್ಕೆ ಯೋಚನೆ ಬೇಡ.

ನಕಾಶೆ ಸಿಕ್ಕಿದ ತಕ್ಷಣ ತಮ್ಮನ ಕೈಲಿ ವಾಟ್ಸಾಪ್ ಮಾಡಿಸಿ. ಭಾನುವಾರ ಬೆಳಿಗ್ಗೆ ಫೋನ್ ಮಾಡುತ್ತೇನೆ, ಅಷ್ಟರೊಳಗೆ ಮಡಿಕೇರಿಗೆ ಹೋಗಿ ವಕೀಲರನ್ನು ನೋಡುವ ದಿನ ಗೊತ್ತು ಮಾಡಿಕೊಂಡಿರಿ.

ನಿಮ್ಮ ಮಗಳು